ಹೂಕುಂಡದ ಸುತ್ತ ಸಣ್ಣ ನೊಣವೇ? ಔಷಧಿ ಹೊಡೆಯೋ ಮೊದಲು ಮಣ್ಣು ಒಣಗಿಸಿ

ಶಿವಮೊಗ್ಗ: ಮಳೆ ಹಿಡಿದು ಹದಿನೈದು ದಿನ ಆಯ್ತು ಅಂದ್ರೆ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಮನೆಗಳಲ್ಲಿ ಈ ಕಾಟ ಶುರುವಾಗುತ್ತೆ. ಜಗಲಿ ಮೇಲಿನ ಹೂಕುಂಡಕ್ಕೆ ನೀರು ಹಾಕಲು ಬಗ್ಗಿದರೆ ಎಳ್ಳುಕಾಳಿನಷ್ಟು ಕರಿ ನೊಣಗಳು ಪುರ್ರಂತ ಎದ್ದು ಮುಖಕ್ಕೆ ಬರುತ್ತವೆ. ಸಂಜೆ ಟಿವಿ ಎದುರು, ಕಾಫಿ ಲೋಟದೊಳಗೆ, ದೇವರ ದೀಪದ ಸುತ್ತ ಅವೇ. ಪೇಟೆಯಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಗಿಡ ಇಟ್ಟ ಅಂಗಡಿಯವರದ್ದೂ ಇದೇ ಕಥೆ. ಹೋಟೆಲ್ ಆದರೆ ಕೇಳೋದೇ ಬೇಡ, ಗಿರಾಕಿ ತಟ್ಟೆ ಮೇಲೆ ಒಂದು ನೊಣ ಕೂತರೂ ಮಾತು ಬರುತ್ತೆ.

ಹೆಚ್ಚಿನವರು ಮೊದಲು ಮಾಡೋದು ಸೊಳ್ಳೆ ಸ್ಪ್ರೇ ಹೊಡೆಯೋದು. ಎರಡು ದಿನ ಕಡಿಮೆ ಆದಂತೆ ಕಾಣುತ್ತೆ, ಆಮೇಲೆ ಮತ್ತೆ ಅಷ್ಟೇ. ಆಗ ಕೆಲವರು ಕೊಟ್ಟಿಗೆಯಲ್ಲಿ ಉಳಿದಿರುವ ಗದ್ದೆ ಔಷಧಿ, ಶುಂಠಿ ಔಷಧಿಗೆ ಕೈ ಹಾಕ್ತಾರೆ. ಅಪಾಯ ಇರೋದು ಇಲ್ಲೇ. ಹೊಲಕ್ಕೆ ಅಂತ ಮಾಡಿದ ವಿಷವನ್ನು ಮಕ್ಕಳು ಮಲಗುವ ಕೋಣೆಯಲ್ಲಿ, ಅಡುಗೆಮನೆ ಕಿಟಕಿಯಲ್ಲಿ, ದಿನಾ ಎಲೆ ಕಿತ್ತು ತಿನ್ನುವ ದೊಡ್ಡಪತ್ರೆ, ತುಳಸಿ ಪಕ್ಕದಲ್ಲಿ ಹೊಡೆದಂತಾಗುತ್ತೆ.

ಈ ನೊಣಗಳನ್ನು ಓಡಿಸಲು ಅಷ್ಟು ದೂರ ಹೋಗಬೇಕಾಗಿಲ್ಲ. ಯಾವ ಹುಳ ಅಂತ ಗುರುತಿಸಿ, ಅದು ಹುಟ್ಟುವ ಜಾಗ ಹುಡುಕಿ, ನಾಲ್ಕು ವಾರ ಬಿಡದೆ ಕೆಲಸ ಮಾಡಿದರೆ ಬಹುಪಾಲು ಮನೆಗಳಲ್ಲಿ ನಿಯಂತ್ರಣಕ್ಕೆ ಬರುತ್ತೆ.

ಮುಖ್ಯ ಅಂಶಗಳು

• ಮಣ್ಣಿನಿಂದ ಏಳುವ ಕರಿ ನೊಣಕ್ಕೆ ಕಾರಣ ಒದ್ದೆ ಮಣ್ಣು. ಎಲೆಗೆ ಔಷಧಿ ಹೊಡೆದರೆ ಪ್ರಯೋಜನ ಇಲ್ಲ.
• ಎಲೆ ಅಡಿಯಿಂದ ಏಳುವ ಬಿಳಿ ನೊಣಕ್ಕೆ ಸೋಪಿನ ನೀರು ಅಥವಾ ಬೇವಿನೆಣ್ಣೆ.
• ನೀರಿನ ಬಾಟಲಿ, ಕುಂಡದಡಿ ತಟ್ಟೆಯಿಂದ ಏಳೋದು ಸೊಳ್ಳೆ. ಇದನ್ನು ಮಾತ್ರ ಒಂದು ವಾರವೂ ಬಿಡಬಾರದು.
• ಬಾಳೆಗೊನೆ, ಚರಂಡಿ ಕಡೆಯಿಂದ ಬರುವ ನೊಣಕ್ಕೂ ಗಿಡಕ್ಕೂ ಸಂಬಂಧ ಇಲ್ಲ.
• ಹೊಲದ ಕೀಟನಾಶಕ ಮನೆಯೊಳಗೆ ಬೇಡವೇ ಬೇಡ.

ಮೊದಲು ಯಾವುದು ಅಂತ ನೋಡಿ

ಎಲ್ಲವನ್ನೂ ನಾವು ನೊರಜು, ಗುಂಗುರು, ಸಣ್ಣ ನೊಣ ಅಂತ ಒಂದೇ ಹೆಸರಲ್ಲಿ ಕರೀತೀವಿ. ಆದರೆ ಐದು ಬೇರೆ ಬೇರೆ ಹುಳಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

1. ಅಣಬೆ ನೊಣ. ಬೂದು ಮಿಶ್ರಿತ ಕಪ್ಪು ಬಣ್ಣ, 2ರಿಂದ 3 ಮಿಲಿಮೀಟರ್ ಉದ್ದ, ಉದ್ದ ಕಾಲು, ನೋಡಲು ಪುಟ್ಟ ಸೊಳ್ಳೆಯಂತೆ. ಹಾರಾಟ ದುರ್ಬಲ. ಹೆಚ್ಚು ಮೇಲಕ್ಕೆ ಹೋಗದೆ ಕುಂಡದ ಮಣ್ಣಿನ ಮೇಲೆ ಓಡಾಡುತ್ತೆ. ಅಣಬೆ ಬೆಳೆಯುವವರಿಗೆ ಇದರ ಪರಿಚಯ ಚೆನ್ನಾಗಿರುತ್ತೆ. ಮಳೆಗಾಲದಲ್ಲಿ ಮನೆಯೊಳಗಿನ ಕುಂಡಗಳಲ್ಲಿ ಏಳೋದು ಸಾಮಾನ್ಯವಾಗಿ ಇದೇ.

2. ಬಿಳಿ ನೊಣ. 1ರಿಂದ 2 ಮಿಲಿಮೀಟರ್, ಹಿಟ್ಟು ಮೆತ್ತಿದಂತೆ ಬಿಳಿ. ಗಿಡ ಅಲುಗಾಡಿಸಿದರೆ ಎಲೆ ಅಡಿಯಿಂದ ಹೊಗೆಯಂತೆ ಎದ್ದು ಮತ್ತೆ ಅಲ್ಲೇ ಕೂರುತ್ತೆ. ದಾಸವಾಳ, ಮೆಣಸಿನ ಗಿಡ, ಟೊಮೆಟೊ, ಬದನೆಯಲ್ಲಿ ಜಾಸ್ತಿ.

3. ಹಣ್ಣಿನ ನೊಣ. ಕಂದು ಮೈ, ಕೆಂಪು ಕಣ್ಣು. ಕಳಿತ ಬಾಳೆಹಣ್ಣು, ಜ್ಯೂಸ್ ಅಂಗಡಿಯ ಸಿಪ್ಪೆ ಬುಟ್ಟಿ, ಕೊಳೆತ ಈರುಳ್ಳಿ ಆಲೂಗಡ್ಡೆ ಚೀಲ ಇದರ ಮನೆ.

4. ಚರಂಡಿ ನೊಣ. ರೋಮ ಇರುವ ಅಗಲ ರೆಕ್ಕೆ, ಪುಟ್ಟ ಪತಂಗದ ಹಾಗೆ. ಬಚ್ಚಲು, ಪಾತ್ರೆ ತೊಳೆಯುವ ಸಿಂಕ್ ಪಕ್ಕದ ಗೋಡೆಗೆ ಅಂಟಿಕೊಂಡು ಕೂರುತ್ತೆ.

5. ಸೊಳ್ಳೆ. ಮನಿ ಪ್ಲಾಂಟ್ ಬಾಟಲಿ, ಲಕ್ಕಿ ಬ್ಯಾಂಬೂ ಇಟ್ಟ ಗಾಜಿನ ಪಾತ್ರೆ, ಕುಂಡದ ಕೆಳಗಿನ ತಟ್ಟೆಯ ನೀರು.

ಗೊತ್ತಾಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಆಲೂಗಡ್ಡೆಯನ್ನು ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ ಕುಂಡದ ಮಣ್ಣಿನ ಮೇಲೆ ಒತ್ತಿ ಇಡಿ. ಎರಡು ಮೂರು ದಿನ ಬಿಟ್ಟು ಎತ್ತಿ, ಬಿಲ್ಲೆಯ ಅಡಿ ನೋಡಿ. ದಾರದಷ್ಟು ಸಣ್ಣ, ಗಾಜಿನಂತೆ ಬಿಳಿಚಿದ ಮೈ, ಹೊಳೆಯುವ ಕಪ್ಪು ತಲೆ ಇರುವ ಮರಿಹುಳುಗಳು ಕಂಡರೆ ಅದು ಅಣಬೆ ನೊಣವೇ. ಹುಳ ತುಂಬಿದ ಬಿಲ್ಲೆಯನ್ನು ಕಟ್ಟಿದ ಕವರಿನಲ್ಲಿ ಹಾಕಿ ಎಸೆದು ಹೊಸ ಬಿಲ್ಲೆ ಇಟ್ಟರೆ ಒಂದಷ್ಟು ಮರಿ ಹಾಗೆಯೇ ಕಡಿಮೆ ಆಗುತ್ತೆ.

ಬಚ್ಚಲಿನಿಂದ ಬರ್ತಿದೆಯಾ ಅಂತ ತಿಳಿಯಲು ರಾತ್ರಿ ಚರಂಡಿ ಜಾಲರಿ ಮೇಲೆ ಪಾರದರ್ಶಕ ಟೇಪನ್ನು ಅಂಟು ಕೆಳಗೆ ಬರುವಂತೆ ಅಂಟಿಸಿ. ಗಾಳಿ ಆಡಲು ಸ್ವಲ್ಪ ಜಾಗ ಬಿಡಿ. ಬೆಳಿಗ್ಗೆ ನೊಣ ಅಂಟಿದ್ದರೆ ನಿಮ್ಮ ಗಿಡದ್ದು ತಪ್ಪಿಲ್ಲ.

ಅಣಬೆ ನೊಣ ಎಲ್ಲಿಂದ ಬರುತ್ತೆ?

ಹೆಸರೇ ಹೇಳುವಂತೆ ಇದರ ಮರಿ ತಿನ್ನೋದು ಮಣ್ಣಿನಲ್ಲಿ ಬೆಳೆಯುವ ಬೂಷ್ಟು, ಪಾಚಿ, ಕೊಳೆಯುವ ಕಸ. ಅದು ಸಾಲದಾದಾಗ ಗಿಡದ ಎಳೆ ಬೇರನ್ನೂ ಕಡಿಯುತ್ತೆ. ದೊಡ್ಡ ಗಿಡಕ್ಕೆ ಇದರಿಂದ ಹೆಚ್ಚೇನೂ ಆಗಲ್ಲ. ಬೀಜದಿಂದ ಎದ್ದ ಸಸಿ, ಆಗ ತಾನೇ ನೆಟ್ಟ ಕಡ್ಡಿ ಮಾತ್ರ ಬಾಡಿ ಸತ್ತೇ ಹೋಗಬಹುದು.

ಒಂದು ಹೆಣ್ಣು ನೊಣ 100ರಿಂದ 200 ಮೊಟ್ಟೆ ಇಡುತ್ತೆ. ನಾಲ್ಕೈದು ದಿನಕ್ಕೆ ಮೊಟ್ಟೆ ಒಡೆದು, ಎರಡು ವಾರ ಮರಿಯಾಗಿ ಮಣ್ಣಲ್ಲಿದ್ದು, ಮತ್ತೆ ನಾಲ್ಕೈದು ದಿನ ಕೋಶದಲ್ಲಿದ್ದು ಹೊರಗೆ ಬರುತ್ತೆ. ಒಟ್ಟು ಮೂರರಿಂದ ನಾಲ್ಕು ವಾರ. ರೆಕ್ಕೆ ಬಂದ ಮೇಲೆ ಬದುಕೋದು ಸುಮಾರು ಒಂದು ವಾರ ಅಷ್ಟೇ.

ಲೆಕ್ಕ ನೋಡಿ. ನಿಮ್ಮ ಕಣ್ಣಿಗೆ ಬೀಳೋದು ಆ ಕೊನೆಯ ಒಂದು ವಾರದ ನೊಣ ಮಾತ್ರ. ಉಳಿದ ಸಂಸಾರವೆಲ್ಲ ಮಣ್ಣಿನ ಮೇಲಿನ ಎರಡು ಮೂರು ಇಂಚಿನಲ್ಲಿ ಕೂತಿರುತ್ತೆ. ಸ್ಪ್ರೇ ಹೊಡೆದರೆ ಹಾರುವುದು ಸಾಯುತ್ತೆ, ಮಣ್ಣಲ್ಲಿರುವುದು ಮೂರನೇ ದಿನಕ್ಕೆ ಹಾರಲು ಶುರು ಮಾಡುತ್ತೆ. ಸ್ಪ್ರೇ ಡಬ್ಬಿ ಖಾಲಿಯಾದರೂ ನೊಣ ಖಾಲಿಯಾಗದಿರಲು ಕಾರಣ ಇದೇ.

ಇನ್ನು ಮಣ್ಣು ಒದ್ದೆಯಾಗಿರಲು, ಬೂಷ್ಟು ಹಿಡಿಯಲು ನಾವೇ ಸಾಕಷ್ಟು ಸಹಾಯ ಮಾಡ್ತೀವಿ.

• ಬೇಸಿಗೆಯಲ್ಲಿ ಹಾಕಿದಷ್ಟೇ ನೀರನ್ನು ಮಳೆಗಾಲದಲ್ಲೂ ದಿನಾ ಹಾಕೋದು. ಜುಲೈನಲ್ಲಿ ಮನೆಯೊಳಗೆ ಬಟ್ಟೆಯೇ ಒಣಗಲ್ಲ, ಕುಂಡದ ಮಣ್ಣು ಎಲ್ಲಿಂದ ಒಣಗೀತು?
• ಚಹಾ ಚರಟ, ತರಕಾರಿ ಸಿಪ್ಪೆಯನ್ನು ನೇರ ಕುಂಡದ ಮೇಲೆ ಹಾಕೋದು.
• ಅಕ್ಕಿ ತೊಳೆದ ನೀರು, ಅಕ್ಕಚ್ಚು, ಹುಳಿ ಮಜ್ಜಿಗೆ, ಕಡಲೆ ಹಿಂಡಿ ನೆನೆಸಿದ ನೀರು ಸುರಿಯೋದು. ಅಂಗಳದ ಗುಲಾಬಿಗೆ ಇದು ಸರಿ, ಮನೆಯೊಳಗಿನ ಕುಂಡಕ್ಕೆ ನೊಣ ಕರೆಯೋ ಔತಣ.
• ಪೂರ್ತಿ ಕಳಿಯದ ಗೊಬ್ಬರ ಬಳಸೋದು. ಕಳಿತ ಗೊಬ್ಬರ ಮಣ್ಣಿನ ವಾಸನೆ ಬರುತ್ತೆ, ಮುಟ್ಟಿದರೆ ಬಿಸಿ ಇರಲ್ಲ.
• ತೆಂಗಿನ ನಾರಿನ ಪುಡಿ ಜಾಸ್ತಿ ಹಾಕೋದು. ಕೋಕೋಪೀಟ್ ನೀರು ಹಿಡಿದಿಡುತ್ತೆ. ಬಯಲುಸೀಮೆಗೆ ಅದು ಅನುಕೂಲ, ಮಲೆನಾಡಿನ ಮಳೆಗಾಲಕ್ಕೆ ಅದೇ ತೊಂದರೆ.
• ಕುಂಡದ ಅಡಿಯ ತೂತು ಮುಚ್ಚಿಕೊಂಡಿರೋದು.

ನಾಲ್ಕು ವಾರದ ಕೆಲಸ

ಮೊದಲ ವಾರ: ನೀರು ನಿಲ್ಲಿಸಿ. ಬೆರಳನ್ನು ಎರಡು ಗೆಣ್ಣು ಆಳದವರೆಗೆ ಮಣ್ಣಿಗೆ ಚುಚ್ಚಿ ನೋಡಿ. ತಣ್ಣಗೆ ತೇವ ತಾಗಿದರೆ ನೀರು ಬೇಡ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಜೇಡ್, ಲೋಳೆಸರ ಇವೆಲ್ಲ ಮಳೆಗಾಲದಲ್ಲಿ ಹತ್ತು ಹನ್ನೆರಡು ದಿನ ನೀರಿಲ್ಲದೆ ಆರಾಮವಾಗಿರುತ್ತವೆ. ಮಣ್ಣಿನ ಮೇಲಿನ ಉದುರೆಲೆ, ಪಾಚಿ, ಚಹಾ ಪುಡಿ ಕೆರೆದು ತೆಗೆಯಿರಿ. ಮೇಲಿನ ಒಂದು ಇಂಚು ಮಣ್ಣನ್ನೇ ತೆಗೆದು ಹೊರಗೆ ಹಾಕಿದರೆ ಇನ್ನೂ ಒಳ್ಳೆಯದು, ಮೊಟ್ಟೆ ಮರಿಗಳಲ್ಲಿ ಒಂದು ಪಾಲು ಅದರ ಜೊತೆಗೇ ಹೋಗುತ್ತೆ. ತಟ್ಟೆಯ ನೀರು ಚೆಲ್ಲಿ.

ಅದೇ ದಿನ ಹಳದಿ ಅಂಟು ಕಾರ್ಡ್ ಇಡಿ. ಗೊಬ್ಬರದ ಅಂಗಡಿ, ನರ್ಸರಿಗಳಲ್ಲಿ ಕೇಳಿ ನೋಡಿ. ಸಿಗದಿದ್ದರೆ ಹಳದಿ ಪ್ಲಾಸ್ಟಿಕ್ ಹಾಳೆ ಅಥವಾ ಹಳೇ ಡಬ್ಬಿಯ ಮುಚ್ಚಳಕ್ಕೆ ಹರಳೆಣ್ಣೆ ಸವರಿದರೂ ಆಗುತ್ತೆ, ಎಣ್ಣೆ ಒಣಗಿದಂತೆ ಮತ್ತೆ ಸವರಬೇಕು ಅಷ್ಟೇ. ಅಣಬೆ ನೊಣ ಕೆಳಗೇ ಹಾರೋದರಿಂದ ಕಾರ್ಡನ್ನು ಮಣ್ಣಿಗೆ ಹತ್ತಿರ ಅಡ್ಡಡ್ಡ ಮಲಗಿಸಿ. ಕಾರ್ಡಿನಿಂದ ಮಾತ್ರ ನೊಣ ಮುಗಿಯಲ್ಲ. ಆದರೆ ಮೊಟ್ಟೆ ಇಡುವ ನೊಣ ಕಡಿಮೆ ಆಗುತ್ತೆ, ಜೊತೆಗೆ ವಾರಕ್ಕೆ ಎಷ್ಟು ಬಿದ್ದವು ಅಂತ ಎಣಿಸಿದರೆ ಕೆಲಸ ಆಗ್ತಿದೆಯೋ ಇಲ್ಲವೋ ಗೊತ್ತಾಗುತ್ತೆ.

ಎರಡನೇ ವಾರ: ಮರಳು ಹಾಕಿ. ಮಣ್ಣು ಒಣಗಿದ ಮೇಲೆ ಒಂದರಿಂದ ಒಂದೂವರೆ ಸೆಂಟಿಮೀಟರ್ ದಪ್ಪ ದಪ್ಪರಳಿನ ಮರಳು ಹರಡಿ. ಹೊಳೆ ಮರಳೇ ಆಗಬೇಕಿಲ್ಲ, ಪುಡಿ ಜರಡಿ ಹಿಡಿದ ಎಂ ಸ್ಯಾಂಡ್ ಆದರೂ ನಡೆಯುತ್ತೆ. ಮರಳು ಬೇಗ ಒಣಗುತ್ತೆ. ಒಣ ಜಾಗದಲ್ಲಿ ನೊಣಕ್ಕೆ ಮೊಟ್ಟೆ ಇಡಲು ಮನಸ್ಸು ಬರಲ್ಲ.

ಇನ್ನು ಮುಂದೆ ನೀರನ್ನು ಕೆಳಗಿನಿಂದ ಕೊಡಿ. ಅಗಲ ಬಾಣಲೆ ಅಥವಾ ಟಬ್‌ನಲ್ಲಿ ಎರಡು ಇಂಚು ನೀರು ಹಾಕಿ ಕುಂಡವನ್ನು 20ರಿಂದ 30 ನಿಮಿಷ ಇಟ್ಟು ತೆಗೆದು ನೀರು ಬಸಿಯಲು ಬಿಡಿ. ಬೇರಿಗೆ ನೀರು ಸಿಗುತ್ತೆ, ಮೇಲ್ಮಣ್ಣು ಒಣಗೇ ಇರುತ್ತೆ. ಆಂಥೂರಿಯಂ, ಪೀಸ್ ಲಿಲಿ, ಜರಿ ಗಿಡದಂಥ ತೇವ ಬೇಡುವ ಗಿಡಗಳನ್ನು ಪೂರ್ತಿ ಒಣಗಿಸಲು ಆಗಲ್ಲ. ಅವಕ್ಕೆ ಮರಳು ಮತ್ತು ಕೆಳಗಿನಿಂದ ನೀರು, ಈ ಎರಡೇ ದಾರಿ.

ಮೂರನೇ ವಾರ: ಕಡಿಮೆ ಆಗದಿದ್ದರೆ ಮಾತ್ರ ಮದ್ದು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿ, ಅಂದರೆ ಒಂದು ಟೀ ಚಮಚ ಬೇವಿನೆಣ್ಣೆ, ಅದು ನೀರಲ್ಲಿ ಬೆರೆಯಲು ಕಾಲು ಚಮಚ ದ್ರವ ಸೋಪು ಹಾಕಿ ಚೆನ್ನಾಗಿ ಕಲಕಿ. ನೀರು ಹಾಕುವ ದಿನ ಬಂದಾಗ ಈ ನೀರನ್ನೇ ಮಣ್ಣಿಗೆ ಹಾಕಿ. ವಾರಕ್ಕೊಮ್ಮೆಯಂತೆ ಮೂರು ಸಲ. ಬೆರೆಸಿದ್ದನ್ನು ನಾಳೆಗೆ ಇಡಬೇಡಿ.

ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅಂತ ಮೊಬೈಲ್ ವಿಡಿಯೊಗಳಲ್ಲಿ ಹೇಳ್ತಾರೆ. ಅವರು ಹೇಳುವ ಅಳತೆ ಸಾಮಾನ್ಯವಾಗಿ 3 ಶೇಕಡಾ ದ್ರಾವಣದ್ದು. ನಮ್ಮ ಮೆಡಿಕಲ್ ಅಂಗಡಿಯಲ್ಲಿ ಹೆಚ್ಚಾಗಿ ಸಿಗೋದು 6 ಶೇಕಡಾದ್ದು. ಅದೇ ಅಳತೆಯಲ್ಲಿ ಹಾಕಿದರೆ ಎಳೆ ಬೇರು ಸುಡುತ್ತೆ. ಹಾಕಲೇಬೇಕು ಅಂದ್ರೆ 6 ಶೇಕಡಾದ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಒಂದೇ ಸಲ ಹಾಕಿ. ಇದರ ಪರಿಣಾಮ ಹೆಚ್ಚು ಹೊತ್ತು ಇರಲ್ಲ, ಅವತ್ತಿಗೆ ತಾಗಿದ ಮರಿ ಸಾಯುತ್ತೆ ಅಷ್ಟೇ.

ಸೊಳ್ಳೆ ಮರಿ ಕೊಲ್ಲಲು ಬಳಸುವ ಬಿಟಿಐ ಎಂಬ ಬ್ಯಾಕ್ಟೀರಿಯಾ ಪುಡಿ ಅಣಬೆ ನೊಣದ ಮರಿಗೂ ಕೆಲಸ ಮಾಡುತ್ತೆ. ಎಲ್ಲ ಅಂಗಡಿಯಲ್ಲೂ ಸಿಗುವ ವಸ್ತು ಅಲ್ಲ. ಸಿಕ್ಕರೆ ಲೇಬಲ್ ಓದಿಯೇ ತನ್ನಿ. ಎಲೆಕೋಸಿನ ಹುಳಕ್ಕೆ ಹೊಡೆಯುವ ಬಿಟಿ ಬೇರೆ ಜಾತಿಯದ್ದು, ಅದರಿಂದ ಈ ನೊಣಕ್ಕೆ ಏನೂ ಆಗಲ್ಲ.

ನಾಲ್ಕನೇ ವಾರ: ಎಣಿಸಿ ನೋಡಿ. ಮೊದಲ ವಾರ ಕಾರ್ಡಿಗೆ ಬಿದ್ದದ್ದು ಎಷ್ಟು, ಈಗ ಎಷ್ಟು? ಕಡಿಮೆ ಆಗುತ್ತಾ ಬಂದಿದ್ದರೆ ಇದನ್ನೇ ಮುಂದುವರಿಸಿ. ಒಂದು ಕುಂಡದಲ್ಲಿ ಮಾತ್ರ ಇಳಿಯದಿದ್ದರೆ ಗಿಡ ಕಿತ್ತು ಬೇರು ನೋಡಿ. ಕಪ್ಪಾಗಿ, ಮುಟ್ಟಿದರೆ ಕಳಚಿ ಬಂದರೆ ಬೇರು ಕೊಳೆತಿದೆ ಅಂತ ಅರ್ಥ. ಕೊಳೆತ ಬೇರು ಕತ್ತರಿಸಿ ಹೊಸ ಮಣ್ಣಿಗೆ ನೆಡಿ.

ಮರೆಯಬಾರದ ಮಾತು: ಮನೆಯ ಎಲ್ಲ ಕುಂಡಕ್ಕೂ ಒಟ್ಟಿಗೇ ಮಾಡಿ. ನಾಲ್ಕು ಒಣಗಿಸಿ ಐದನೆಯದನ್ನು ಒದ್ದೆ ಬಿಟ್ಟರೆ ನೊಣವೆಲ್ಲ ಅಲ್ಲಿಗೆ ಹೋಗಿ ಸಂಸಾರ ಹೂಡುತ್ತವೆ.

ಬೇಸಿಗೆಯ ಬಿಳಿ ನೊಣ

ಭದ್ರಾವತಿ, ಶಿಕಾರಿಪುರದಂಥ ಬಿಸಿಲು ಜಾಸ್ತಿ ಇರುವ ಕಡೆ ಬೇಸಿಗೆಯಲ್ಲಿ ಕಾಡೋದು ಬಿಳಿ ನೊಣ. ಇದು ಮಣ್ಣಿಗೆ ಸಂಬಂಧಪಟ್ಟದ್ದಲ್ಲ. ಮೊಟ್ಟೆ, ಮರಿ ಎಲ್ಲ ಎಲೆಯ ಅಡಿಯಲ್ಲೇ. ಎಲೆಯ ರಸ ಹೀರಿ ಅಂಟಂಟು ಸಿಹಿ ದ್ರವ ಬಿಡುತ್ತೆ. ಅದಕ್ಕೆ ಇರುವೆ ಬರುತ್ತೆ, ಆಮೇಲೆ ಎಲೆ ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು ಹಿಡಿಯುತ್ತೆ. ಟೊಮೆಟೊ, ಮೆಣಸಿನ ಗಿಡಕ್ಕೆ ಎಲೆ ಮುಟುರು ರೋಗದ ವೈರಸ್ ಹರಡೋದೂ ಇದೇ ನೊಣ. ಹಾಗಾಗಿ ಹಿತ್ತಲಲ್ಲಿ ತರಕಾರಿ ಇರುವವರು ಇದನ್ನು ಹಗುರವಾಗಿ ನೋಡಬಾರದು.

ಕ್ರಮ ಹೀಗೆ. ಗಿಡವನ್ನು ಹೊರಗೆ ಒಯ್ದು ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ. ಹೆಚ್ಚು ಹಿಡಿದ ಎಲೆ ಕಿತ್ತು ಕವರಿಗೆ ಹಾಕಿ ಬಾಯಿ ಕಟ್ಟಿ. ಸಂಜೆ ಬಿಸಿಲು ಇಳಿದ ಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ದ್ರವ ಸೋಪು ಬೆರೆಸಿ ಎಲೆಯ ಅಡಿ ಪೂರ್ತಿ ನೆನೆಯುವಂತೆ ಸಿಂಪಡಿಸಿ. ಸೋಪಿನ ನೀರು ಹುಳದ ಮೈಗೆ ತಾಗಿದರೆ ಮಾತ್ರ ಕೆಲಸ, ಎಲೆ ಮೇಲ್ಭಾಗಕ್ಕೆ ಹೊಡೆದರೆ ಸೋಪು ದಂಡ. ಐದರಿಂದ ಏಳು ದಿನಕ್ಕೊಮ್ಮೆ, ಮೂರು ನಾಲ್ಕು ಸಲ ಮಾಡಿ. ಒಂದು ಸಲ ಬೇವಿನೆಣ್ಣೆ, ಒಂದು ಸಲ ಸೋಪು ಅಂತ ಬದಲಾಯಿಸಿದರೂ ಆಗುತ್ತೆ. ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಜರಿ ಗಿಡ, ರಸ ತುಂಬಿದ ದಪ್ಪ ಎಲೆಯ ಗಿಡಗಳಿಗೆ ಸೋಪು ಸುಡಬಹುದು. ಬಟ್ಟೆ ಒಗೆಯುವ ಪುಡಿ ಬಳಸಬೇಡಿ.

ಬಿಳಿ ನೊಣಕ್ಕೆ ಅಂಟು ಕಾರ್ಡನ್ನು ಮಣ್ಣಿನ ಹತ್ತಿರ ಅಲ್ಲ, ಗಿಡದ ತುದಿ ಎತ್ತರಕ್ಕೆ ನೇತುಹಾಕಿ.

ಹಿತ್ತಲಿನ ತೆಂಗಿನ ಗರಿಯ ಅಡಿ, ಬಾಳೆ, ಸೀಬೆ ಎಲೆಯ ಅಡಿ ಬಿಳಿ ಮೇಣ ಸುರುಳಿ ಸುರುಳಿಯಾಗಿ ಕಂಡರೆ ಅದು ಸುರುಳಿ ಬಿಳಿ ನೊಣ. ತೆಂಗಿಗೆ ಬರುವ ಜಾತಿ ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯಲ್ಲಿ. ಅದನ್ನು ತಿಂದು ಬದುಕುವ ಪುಟ್ಟ ಪರತಂತ್ರ ಕಣಜಗಳಿವೆ. ರಾಸಾಯನಿಕ ಹೊಡೆದರೆ ಮೊದಲು ಸಾಯೋದು ಅವೇ. ತೆಂಗಿಗೆ ತಾವೇ ಏನೂ ಹೊಡೆಯದೆ ತೋಟಗಾರಿಕೆ ಇಲಾಖೆಯವರನ್ನು ಕೇಳಿ.

ಬಾಟಲಿ ನೀರಿನ ಗಿಡ: ಇಲ್ಲಿ ಉದಾಸೀನ ಬೇಡ

ಅಣಬೆ ನೊಣ ಕಚ್ಚಲ್ಲ, ರೋಗ ತರಲ್ಲ, ಬರೀ ಕಿರಿಕಿರಿ. ಆದರೆ ನೀರಿನಲ್ಲಿ ಬೆಳೆಸುವ ಮನಿ ಪ್ಲಾಂಟ್, ಲಕ್ಕಿ ಬ್ಯಾಂಬೂ ಪಾತ್ರೆಯಲ್ಲಿ, ಕುಂಡದ ತಟ್ಟೆಯಲ್ಲಿ ಹುಟ್ಟುವ ಈಡಿಸ್ ಸೊಳ್ಳೆ ಹಗಲಲ್ಲೇ ಕಚ್ಚಿ ಡೆಂಗಿ, ಚಿಕುನ್‌ಗುನ್ಯಾ ಹರಡುತ್ತೆ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಅದಕ್ಕೇ ನೀರು ಬದಲಿಸುವ ಕೆಲಸ ವಾರಕ್ಕೊಮ್ಮೆ ಆಗಲೇಬೇಕು.

ಬರೀ ನೀರು ಚೆಲ್ಲಿದರೆ ಸಾಲದು. ಈ ಸೊಳ್ಳೆ ನೀರಿನ ಅಂಚಿನಲ್ಲಿ ಪಾತ್ರೆಯ ಒಳಗೋಡೆಗೆ ಮೊಟ್ಟೆ ಅಂಟಿಸುತ್ತೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತೆ, ನೀರು ತಾಗಿದ ಕೂಡಲೇ ಒಡೆಯುತ್ತೆ. ಹಾಗಾಗಿ ಬಾಟಲಿಯ ಒಳಗನ್ನು ಬ್ರಷ್ ಹಾಕಿ ಉಜ್ಜಿ ತೊಳೆಯಿರಿ. ಬಾಯಿಗೆ ಹತ್ತಿ ಅಥವಾ ತೆಳು ಬಟ್ಟೆ ತುರುಕಿ. ಲಕ್ಕಿ ಬ್ಯಾಂಬೂ ಬೆಣಚುಕಲ್ಲುಗಳನ್ನೂ ತೊಳೆಯಿರಿ. ಕುಂಡದಡಿ ತಟ್ಟೆ ಬೇಕೇ ಬೇಕು ಅಂದರೆ ಅದಕ್ಕೆ ಮರಳು ತುಂಬಿ.

ಅಂಗಡಿಯವರಿಗೆ ಇನ್ನೊಂದು ಕಾರಣವೂ ಇದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ನಿಗದಿ ಮಾಡಿತು. ಆ ಆದೇಶದಂತೆ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮೀಣ ಭಾಗದಲ್ಲಿ 200 ರೂಪಾಯಿ. ಅಂಗಡಿ, ಹೋಟೆಲ್‌ನಂಥ ವಾಣಿಜ್ಯ ಜಾಗಕ್ಕೆ ನಗರದಲ್ಲಿ 1000, ಗ್ರಾಮೀಣ ಭಾಗದಲ್ಲಿ 500 ರೂಪಾಯಿ. ದಂಡ ದೊಡ್ಡದಲ್ಲದಿರಬಹುದು. ಮನೆಯಲ್ಲಿ ಒಬ್ಬರಿಗೆ ಡೆಂಗಿ ಬಂದರೆ ಆಸ್ಪತ್ರೆಗೆ ಕಟ್ಟೋದು, ಅಂಗಡಿ ಬಾಗಿಲು ಹಾಕಿ ಕಳೆದುಕೊಳ್ಳೋದು ಅದರ ಹತ್ತಾರು ಪಟ್ಟು.

ಅಂಗಡಿ, ಹೋಟೆಲ್‌ನವರಿಗೆ

• ಗಿಡದ್ದೋ ಹಣ್ಣಿನದ್ದೋ ಅಂತ ಮೊದಲು ಪರೀಕ್ಷಿಸಿ. ಕುಂಡವನ್ನು ಎರಡು ದಿನ ಹೊರಗಿಟ್ಟು ನೋಡಿ. ನೊಣ ಅಷ್ಟೇ ಇದ್ದರೆ ಕಾರಣ ಬೇರೆ.
• ಹಣ್ಣಿನ ನೊಣಕ್ಕೆ ಲೋಟದಲ್ಲಿ ಸ್ವಲ್ಪ ವಿನೆಗರ್, ಅದಕ್ಕೆ ಎರಡು ಹನಿ ಪಾತ್ರೆ ಸೋಪು ಹಾಕಿಡಿ. ನೊಣ ಬಂದು ಮುಳುಗುತ್ತೆ. ಅಣಬೆ ನೊಣ ಇದಕ್ಕೆ ಅಷ್ಟಾಗಿ ಬೀಳಲ್ಲ.
• ಈರುಳ್ಳಿ, ಆಲೂಗಡ್ಡೆ ಚೀಲದ ತಳ ವಾರಕ್ಕೆರಡು ಸಲ ನೋಡಿ. ಒಂದು ಗಡ್ಡೆ ಕೊಳೆತರೂ ನೊಣಕ್ಕೆ ಸಾಕು. ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ.
• ಜ್ಯೂಸ್ ಸೋಸುವ ಜಾಲರಿ, ಕಬ್ಬಿನ ಸಿಪ್ಪೆ, ನೆಲ ಒರೆಸುವ ಬಟ್ಟೆ ರಾತ್ರಿ ಹಾಗೇ ಬಿಡಬೇಡಿ.
• ಸಿಂಕ್ ಚರಂಡಿಯ ಒಳಗಿನ ಲೋಳೆಯನ್ನು ಬ್ರಷ್ ಹಾಕಿ ಕೆರೆದು ತೆಗೆಯಿರಿ. ಫಿನಾಯಿಲ್ ಸುರಿದರೆ ವಾಸನೆ ಬದಲಾಗುತ್ತೆ, ಲೋಳೆ ಅಲ್ಲೇ ಇರುತ್ತೆ, ಮರಿಯೂ ಅಲ್ಲೇ ಇರುತ್ತೆ.
• ಊಟ ಬಡಿಸುವ ಮೇಜಿನ ಹತ್ತಿರ ಮಣ್ಣಿನ ಕುಂಡ ಇಡದಿದ್ದರೆ ಒಳ್ಳೆಯದು.
• ಗಿಡ ಮಾರುವವರು ಹೊಸ ಲೋಡ್ ಬಂದಾಗ ಹತ್ತು ಹದಿನೈದು ದಿನ ಬೇರೆ ಇಟ್ಟು ನೋಡಿ. ಗೊಬ್ಬರ, ಕೋಕೋಪೀಟ್ ಚೀಲದ ಬಾಯಿ ಕಟ್ಟಿ ಮಳೆ ತಾಗದಂತೆ ಇಡಿ. ನೊಣ ಹುಟ್ಟಿದ ಚೀಲ ಮಾರಿದರೆ ಗಿರಾಕಿ ಎರಡನೇ ಸಲ ಬರಲ್ಲ.

ಇವು ಬೇಡ

ಹೊಲದ ಕೀಟನಾಶಕ: ಭತ್ತಕ್ಕೆ, ಶುಂಠಿಗೆ, ಮೆಣಸಿಗೆ ತಂದ ಔಷಧಿ ಬಯಲಿನ ಲೆಕ್ಕಕ್ಕೆ ಮಾಡಿದ್ದು. ಕಿಟಕಿ ಹಾಕಿದ ಕೋಣೆಯಲ್ಲಿ ಅದರ ಆವಿ, ಹನಿ ಎಲ್ಲೂ ಹೋಗಲ್ಲ. ಕೀಟನಾಶಕದ ಲೇಬಲ್ ಮೇಲೆ ವಜ್ರದ ಆಕಾರದ ಗುರುತು ಇರುತ್ತೆ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತ್ಯಂತ ವಿಷ, ಹಳದಿ ಆದರೆ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಕಡಿಮೆ. ಹಸಿರು ಇದ್ದರೂ ವಿಷವೇ. ಲೇಬಲ್ ಇಲ್ಲದೆ ಹಳೇ ಬಾಟಲಿಗೆ ಸುರಿದು ಕೊಡುವ ಔಷಧಿ ಕೊಳ್ಳಲೇಬೇಡಿ. ಹಾಗೆ ಮಾರೋದು 1968ರ ಕೀಟನಾಶಕ ಕಾಯ್ದೆಗೆ ವಿರುದ್ಧ, ಮಾರುವವರೂ ತಿಳಿದಿರಲಿ. ತಂಪು ಪಾನೀಯದ ಬಾಟಲಿಯಲ್ಲಿ ಇಟ್ಟ ಔಷಧಿಯನ್ನು ಮಕ್ಕಳು ಕುಡಿಯುವ ಅಪಾಯ ಇದ್ದೇ ಇದೆ. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ, ಔಷಧಿಯ ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಬೋರ್ಡೋ ದ್ರಾವಣ: ಅಡಿಕೆ ಕೊಳೆಗೆ ಹೊಡೆಯುವ ಮೈಲುತುತ್ತ ಸುಣ್ಣದ ದ್ರಾವಣ ಮಿಕ್ಕಿದೆ ಅಂತ ಹೂಕುಂಡಕ್ಕೆ ಸುರಿಯಬೇಡಿ. ಅದು ಶಿಲೀಂಧ್ರದ ಮದ್ದು, ನೊಣದ್ದಲ್ಲ. ಕುಂಡದಂಥ ಸಣ್ಣ ಜಾಗದಲ್ಲಿ ತಾಮ್ರ ಸೇರಿಕೊಂಡು ಬೇರಿಗೇ ಕೇಡು.

ಸೊಳ್ಳೆ ಸ್ಪ್ರೇ, ಸೀಮೆಎಣ್ಣೆ, ಫಿನಾಯಿಲ್: ಎಲೆ ಸುಡುತ್ತೆ, ಬೇರು ಸಾಯುತ್ತೆ. ಮಣ್ಣೊಳಗಿನ ಮರಿಯ ಸಮಸ್ಯೆ ಹಾಗೇ ಉಳಿಯುತ್ತೆ.

ಒಲೆ ಬೂದಿ: ಚಿಟಿಕೆ ಉದುರಿಸಿದರೆ ತೊಂದರೆ ಇಲ್ಲ. ದಪ್ಪವಾಗಿ ಹಾಕಿದರೆ ಮಣ್ಣು ಕ್ಷಾರವಾಗುತ್ತೆ. ಆಂಥೂರಿಯಂ, ಜರಿ ಗಿಡಕ್ಕೆ ಅದು ಆಗಿಬರಲ್ಲ.

ಓದುಗರಿಗೆ ಬರಬಹುದಾದ ಪ್ರಶ್ನೆಗಳು

ಸಾಂಬ್ರಾಣಿ, ಲೋಬಾನ ಹೊಗೆ ಹಾಕಿದರೆ ಹೋಗುತ್ತಾ?
ಹಾರುವ ನೊಣ ಸ್ವಲ್ಪ ಹೊತ್ತು ದೂರ ಹೋಗುತ್ತೆ. ಮಣ್ಣಲ್ಲಿರುವ ಮರಿಗೆ ಹೊಗೆ ತಾಗಲ್ಲ.

ತುಳಸಿ, ದೊಡ್ಡಪತ್ರೆ, ಒಂದೆಲಗಕ್ಕೆ ಏನು ಮಾಡೋದು?
ಎಲೆ ತಿನ್ನುವ ಗಿಡಕ್ಕೆ ನೀರು ಹೊಡೆದು ತೊಳೆಯೋದು, ಕೆಟ್ಟ ಎಲೆ ಕೀಳೋದು, ಬಿಸಿಲಿಗೆ ಇಡೋದು ಇಷ್ಟೇ ಸಾಕು. ಸೋಪಿನ ನೀರು ಹೊಡೆದರೆ ಮರುದಿನ ಬರೀ ನೀರಲ್ಲಿ ತೊಳೆಯಿರಿ, ಕೆಲ ದಿನ ಎಲೆ ಬಳಸಬೇಡಿ. ತುಳಸಿ ಎಲೆ ಮುದುಡಿ ಅಡಿಯಲ್ಲಿ ಕಪ್ಪು ಚುಕ್ಕಿ ಕಂಡರೆ ಅದು ನೊಣ ಅಲ್ಲ, ಜಾಲರಿ ರೆಕ್ಕೆಯ ತಿಗಣೆ. ಆ ತುದಿಗಳನ್ನು ಕತ್ತರಿಸಿ ತೆಗೆದರೆ ಹೊಸ ಚಿಗುರು ಬರುತ್ತೆ.

ನೊಣ ಹಿಡಿದ ಮಣ್ಣನ್ನು ಮತ್ತೆ ಬಳಸಬಹುದಾ?
ಬೇಸಿಗೆಯಾದರೆ ಪ್ಲಾಸ್ಟಿಕ್ ಹಾಳೆ ಮೇಲೆ ತೆಳುವಾಗಿ ಹರಡಿ ನಾಲ್ಕು ದಿನ ಬಿಸಿಲಿಗೆ ಒಣಗಿಸಿ. ಮಳೆಗಾಲದಲ್ಲಿ ಗಿಡ ಇಲ್ಲದ ಖಾಲಿ ಮಣ್ಣಿಗೆ ಕುದಿಯುವ ನೀರು ಸುರಿದು, ಪೂರ್ತಿ ಆರಿ ನೀರು ಬಸಿದ ಮೇಲೆ ಬಳಸಿ. ಅದೂ ಬೇಡ ಅಂದರೆ ತೋಟದ ಅಡಿಕೆ ಬುಡಕ್ಕೆ ಹಾಕಿಬಿಡಿ, ಅಲ್ಲಿ ಏನೂ ತೊಂದರೆ ಇಲ್ಲ.

ಮಳೆಗಾಲಕ್ಕೆ ಮೊದಲೇ ಏನು ಮಾಡಿಟ್ಟುಕೊಳ್ಳಬೇಕು?
ಮೇ ಕೊನೆಯೊಳಗೆ ಒಳಗಿನ ಕುಂಡಗಳ ಮಣ್ಣಿಗೆ ಮೂರನೇ ಒಂದು ಪಾಲು ಮರಳು ಬೆರೆಸಿ, ಅಡಿ ತೂತು ಬಿಡಿಸಿ, ಮೇಲೆ ಮರಳು ಹರಡಿ. ಬೇವಿನ ಹಿಂಡಿ ಹಾಕುವುದಾದರೆ ಹತ್ತು ಇಂಚಿನ ಕುಂಡಕ್ಕೆ ಒಂದು ಹಿಡಿಯಂತೆ ಮಣ್ಣಿನೊಳಗೆ ಬೆರೆಸಿ. ಮೇಲೆ ಉದುರಿಸಿ ಒದ್ದೆ ಮಾಡಿದರೆ ಅದಕ್ಕೇ ಬೂಷ್ಟು ಹಿಡಿಯುತ್ತೆ.

ಇಷ್ಟು ಮಾಡಿಯೂ ಆಗದಿದ್ದರೆ ಯಾರನ್ನು ಕೇಳೋದು?
ಹುಳ ಅಂಟಿದ ಕಾರ್ಡ್ ಅಥವಾ ಎಲೆಯನ್ನು ಕವರಿಗೆ ಹಾಕಿ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಗೆ ಅಥವಾ ಶಿವಮೊಗ್ಗ ನವಿಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ವಾರದ ನೆನಪಿಗೆ: ಭಾನುವಾರ ಬಾಟಲಿ ನೀರು ಬದಲಿಸಿ, ಒಳಗೆ ಉಜ್ಜಿ, ತಟ್ಟೆ ಚೆಲ್ಲಿ. ನೀರು ಹಾಕೋ ಮೊದಲು ಬೆರಳು ಚುಚ್ಚಿ. ಕಾರ್ಡಿನ ನೊಣ ಎಣಿಸಿ. ಹೊಸ ಗಿಡ ತಂದರೆ ಎರಡು ವಾರ ಬೇರೆ ಇಡಿ.